ನಾಣಿಯ ಸರ್ವನಾಮ

ಜೂನ್ ಬಂದರೆ ಮಳೆ ಬರುತ್ತೋ ಇಲ್ಲವೋ, ನಾಣಿಯ ಆಫೀಸಿಗೆ ಕಾಮನಬಿಲ್ಲು ಮಾತ್ರ ತಪ್ಪದೆ ಬರುತ್ತದೆ. ಲಿಫ್ಟಿನ ಬಾಗಿಲಿಗೆ, ಕಾಫಿ ಲೋಟಕ್ಕೆ, ಈ ಸಲ ಕೊರಳಿನ ಐಡಿ ಪಟ್ಟಿಗೂ. ಆ ಪಟ್ಟಿ ತೂಗಾಡಿಸಿಕೊಂಡೇ ಅವನು ಗಾಂಧಿಬಜಾರಿನ ಮಾಮೂಲಿ ಕಟ್ಟೆಗೆ ಬಂದು ಕೂತ.

"ಲೋ, ನನ್ನ ಸರ್ವನಾಮ ಯಾವುದೋ?"

"ಯಾರೋ ನಿನಗೆ ಸರ್ವನಾಮ ಹಾಕಿದ್ದು?" ಅಂದ ಸೀನ.

"ತಮಾಷೆ ಅಲ್ಲ ಕಣೋ. ಆಫೀಸಿನಲ್ಲಿ ತರಬೇತಿ. ಇಮೇಲ್ ಕೆಳಗೆ ಹೆಸರಿನ ಪಕ್ಕ ಹಿ-ಹಿಮ್ಮೋ, ಶಿ-ಹರ್ರೋ, ದೇ-ದೆಮ್ಮೋ ಬರೀಬೇಕು. ಕನ್ನಡದ್ದೂ ಹಾಕಬಹುದು, ಲೋಕಲ್ ಟಚ್ ಇರುತ್ತೆ ಅಂದ್ರು. ನಾನು 'ಅವರು' ಅಂತ ಹಾಕಿದೆ."

"ಸರಿಯಾಗೇ ಇದೆಯಲ್ಲ."

"ಎಲ್ಲಿ ಸರಿ? ಎಚ್‌ಆರ್ ಹುಡುಗಿ ಓಡಿ ಬಂದು, 'ನಾರಾಯಣ್, ನಿಮ್ಮ ಧೈರ್ಯ ದೊಡ್ಡದು' ಅಂತ ಕೈ ಕುಲುಕಿದಳು. ಅವರು ಅಂದ್ರೆ ಇಂಗ್ಲಿಷಿನಲ್ಲಿ ದೇ ಅಂತೆ. ನಾನು ಗಂಡೂ ಅಲ್ಲ, ಹೆಣ್ಣೂ ಅಲ್ಲ ಅಂತ ಘೋಷಿಸಿಕೊಂಡ ಹಾಗಾಯ್ತಂತೆ. ಮಧ್ಯಾಹ್ನ ಕೇಕ್ ಬೇರೆ ಕತ್ತರಿಸಿದ್ರು. ನಾನು ಹಾಕಿದ್ದು ಮರ್ಯಾದೆಗೆ ಕಣೋ!"

ಗಿರಿ ಬೈಟೂ ಕಾಫಿಯ ನೊರೆ ಊದುತ್ತಿದ್ದವನು ತಲೆ ಎತ್ತಿದ. "ನೀನು ಮರ್ಯಾದೆ ಕೇಳಿದ್ದಕ್ಕೆ ಲಿಂಗ ಹೋಯ್ತು. ನಾವು ಲಿಂಗದ ವಿಷಯ ಎತ್ತಿದ್ದಕ್ಕೆ ಮರ್ಯಾದೆ ಹೋಗಿತ್ತು. ಲೆಕ್ಕ ಚುಕ್ತಾ."

"ನಿನಗೆ ಖುಷಿ ಆಗಬೇಕಪ್ಪ. ನಿಮ್ಮ ಪ್ರೈಡ್ ತಿಂಗಳಲ್ವಾ ಇದು?"

"ನಮ್ಮದಲ್ಲ, ಅಮೆರಿಕದ್ದು. 1969ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಗೇ ಜನ ಸೇರ್ತಿದ್ದ ಸ್ಟೋನ್‌ವಾಲ್ ಬಾರಿಗೆ ಪೊಲೀಸರು ನುಗ್ಗಿದ್ರು, ಜನ ತಿರುಗಿ ಬಿದ್ರು. ನಮ್ಮ ಬೆಂಗಳೂರಿನ ಪ್ರೈಡ್ ಮೆರವಣಿಗೆಗೆ 2008ರಿಂದ ಇತಿಹಾಸ ಇದೆ, ಈಗ ಅದು ನಡೆಯೋದು ನವೆಂಬರ್ ಹೊತ್ತಿಗೆ. ಆಗ ನಿಮ್ಮ ಆಫೀಸಿನಲ್ಲಿ ರಾಜ್ಯೋತ್ಸವ. ಆರು ಬಣ್ಣದ ಬಾವುಟ ಎರಡು ಬಣ್ಣಕ್ಕೆ ಇಳಿದಿರುತ್ತೆ."

ಮೇಷ್ಟ್ರಿಗೆ ಇಷ್ಟು ಹೊತ್ತು ಸುಮ್ಮನಿದ್ದದ್ದೇ ಜಾಸ್ತಿ. "ಹೊರಗಿನಿಂದ ಯಾಕೆ ತರಬೇಕು? ನಮ್ಮಲ್ಲಿ ಎಲ್ಲಾ ಇದೆ. ಗಡ್ಡಮೀಸೆ ಬಂದರೆ ಗಂಡು ಅಂತಾರೆ, ಒಳಗೆ ಸುಳಿಯುವ ಆತ್ಮ ಎರಡೂ ಅಲ್ಲ ಅಂತ ಜೇಡರ ದಾಸಿಮಯ್ಯ ಯಾವಾಗಲೋ ಹೇಳಿಬಿಟ್ಟ. ಶಿಖಂಡಿ ಇಲ್ವಾ? ಬೃಹನ್ನಳೆ ಇಲ್ವಾ?"

"ಇದ್ದಾರೆ ಮೇಷ್ಟ್ರೇ. ಅರ್ಧನಾರೀಶ್ವರನೂ ಇದ್ದಾನೆ. ಬಾಡಿಗೆ ಮನೆ ಕೇಳೋಕೆ ಹೋದಾಗ ಒಬ್ಬರೂ ಜೊತೆಗೆ ಬರಲ್ಲ."

"ಭಾಷೆ ನೋಡಯ್ಯಾ! ಹಿಂದಿಯವನು ಬಾಯಿ ಬಿಟ್ಟರೆ ಸಾಕು, ಜಾತಾ ಹೂಂ, ಜಾತಿ ಹೂಂ. ಹೋಗೋ ಮೊದಲೇ ಲಿಂಗ ಹೇಳಬೇಕು. ನಮ್ಮಲ್ಲಿ 'ಹೋಗ್ತೀನಿ.' ಯಾರು ಹೋದರೂ ಹೋಗ್ತೀನಿಯೇ."

"ಅದು ನಿಜ. ಕನ್ನಡದ ಪ್ರೇಮಗೀತೆ ಈ ವಿಷಯದಲ್ಲಿ ದೇವರು. ನಾನು, ನೀನು ಅಂತ ಹಾಡೋವಷ್ಟು ಹೊತ್ತು ಯಾರು ಯಾರಿಗೆ ಬೇಕಾದ್ರೂ ಹಾಡ್ಕೋಬಹುದು. ನಾನು ಪಿಯುಸಿ ಪೂರ್ತಿ ಹಾಗೇ ಹಾಡಿದೀನಿ. ಚರಣದಲ್ಲಿ 'ಚೆಲುವೆ' ಬಂದಾಗ ಮಾತ್ರ ಕೆಮ್ಮು ಬರ್ತಿತ್ತು."

"ಅವನು, ಅವಳು, ಅವರು," ಮೇಷ್ಟ್ರು ಬೆರಳು ಮಡಚಿದರು.

"ಒಂದು ಬೆರಳು ಬಿಟ್ರಿ. ಅದು."

"ಅದು ನಪುಂಸಕಲಿಂಗ. ಮರ, ಕಲ್ಲು, ನಾಯಿ."

"ಮತ್ತೆ ಸಿಗ್ನಲ್‌ನಲ್ಲಿ ಚಪ್ಪಾಳೆ ತಟ್ಟೋರು. 'ಅದು ಬಂತು, ಗ್ಲಾಸ್ ಏರಿಸು' ಅಂತ ಎಷ್ಟು ಕಾರಿನಲ್ಲಿ ಕೇಳಿಲ್ಲ ನಾವು?"

ಶಾಲಿನಿ ಕೋಡುಬಳೆ ಮುರಿದಳು. "ನಮ್ಮ ಹವ್ಯಕರಲ್ಲಿ ಹೆಂಗಸರೆಲ್ಲ ಅದೇ ಕಣೋ. ಆಯಿ ಬಂತು, ಅತ್ತಿಗೆ ಬಂತು. ನನಗೆ ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೇ ಗೊತ್ತಾಗಿದ್ದು, ಅದು ಅಂದ್ರೆ ಬೈಗುಳ ಅಂತ."

"ಅಲ್ವಾ? ಪದದಲ್ಲಿ ಏನಿಲ್ಲ, ಅನ್ನೋ ಬಾಯಲ್ಲಿ ಇರೋದು. ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿ 2021ರಲ್ಲಿ ಪದ್ಮಶ್ರೀ ತಗೊಳ್ಳೋಕೆ ಹೋಗಿ, ರಾಷ್ಟ್ರಪತಿಗೇ ಸೆರಗಿನಲ್ಲಿ ದೃಷ್ಟಿ ತೆಗೆದ್ರಲ್ಲ, ಅವತ್ತು ನಮ್ಮ ಬೀದಿ ಅಂಗಡಿಯವನೂ 'ಅವರು' ಅಂದ. ಮಾರನೇ ದಿನ ಅಂಗಡಿ ಮುಂದೆ ಕೈ ಚಾಚಿದವರಿಗೆ ಮತ್ತೆ 'ಅದು.' ಬಹುವಚನ ಬೇಕಂದ್ರೆ ಡೆಲ್ಲಿಗೆ ಹೋಗಿ ಬರಬೇಕು."

"ಸಿನಿಮಾನೇ ಇತ್ತಲ್ಲೋ," ಅಂದ ಸೀನ, "ನಾನು ಅವನಲ್ಲ, ಅವಳು. ಹೆಸರೇ ಸರ್ವನಾಮ! ಸಂಚಾರಿ ವಿಜಯ್‌ಗೆ ರಾಷ್ಟ್ರಪ್ರಶಸ್ತಿ ಬಂತು."

"ಹ್ಞೂ. 2021ರ ಜೂನ್‌ನಲ್ಲಿ ಹೋಗಿಬಿಟ್ಟರು. ಬೈಕ್ ಅಪಘಾತ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಾಣಿಗೆ ಅಂಥ ಮೌನ ತಡೆಯುವುದಿಲ್ಲ. "ಹೋಗಲಿ, ನಿನ್ನನ್ನ ಕನ್ನಡದಲ್ಲಿ ಏನಂತ ಕರೀಬೇಕೋ? ಪೇಪರಿನಲ್ಲಿ ಸಲಿಂಗಕಾಮಿ ಅಂತ ಹಾಕ್ತಾರೆ."

"ನಿನ್ನನ್ನ ಯಾರಾದ್ರೂ 'ಇವರು ನಾರಾಯಣ, ಭಿನ್ನಲಿಂಗಕಾಮಿ, ಇಬ್ಬರು ಮಕ್ಕಳು' ಅಂತ ಪರಿಚಯ ಮಾಡಿಸ್ತಾರಾ? ಹದಿನೈದು ವರ್ಷ ಸಂಸಾರ ಮಾಡಿದೀಯ, ನೀನು ಗೃಹಸ್ಥ. ನಾನು ಹನ್ನೊಂದು ವರ್ಷದಿಂದ ಒಂದೇ ಮನೇಲಿ ಬೇಳೆ ಬೇಯಿಸ್ತಾ ಇದೀನಿ, ನಾನು ಕಾಮಿ. ನಮ್ಮನೇಲಿ ಕಾಮಕ್ಕಿಂತ ಗ್ಯಾಸ್ ಸಿಲಿಂಡರಿನ ಮಾತೇ ಜಾಸ್ತಿ ಮಾರಾಯ."

"ಮತ್ತೆ ನಿನ್ನ ಆಫೀಸಿನಲ್ಲಿ ರಘು ವಿಷಯ ಹೇಗೆ ಹೇಳ್ತೀಯ?"

"ನಮ್ಮನೆಯವರು ಅಂತೀನಿ."

ಮೇಷ್ಟ್ರು ತೊಡೆ ತಟ್ಟಿದರು. "ಭೇಷ್! ಗಂಡನಿಗೂ ಅದೇ, ಹೆಂಡತಿಗೂ ಅದೇ!"

"ಅದೇ ಮಜಾ. ನಮ್ಮನೆಯವರಿಗೆ ಜ್ವರ, ನಮ್ಮನೆಯವರು ಊರಿಗೆ ಹೋಗಿದ್ದಾರೆ, ನಮ್ಮನೆಯವರ ಕೈ ಹುಳಿ ಅಂದ್ರೆ ಹುಳಿ. ಹನ್ನೊಂದು ವರ್ಷದಲ್ಲಿ ಒಂದು ಸುಳ್ಳೂ ಹೇಳಿಲ್ಲ ನಾನು. ವರಮಹಾಲಕ್ಷ್ಮಿ ಹಬ್ಬಕ್ಕೆ ಮ್ಯಾನೇಜರ್ ಹೆಂಡತಿ ಬ್ಲೌಸ್ ಪೀಸ್ ಕಳಿಸ್ತಾರೆ, 'ನಿಮ್ಮನೆಯವರಿಗೆ ಕೊಡಿ' ಅಂತ. ಕೊಡ್ತೀನಿ. ಒಂಬತ್ತಾಗಿದೆ. ಅವನು ಒಂದರಲ್ಲಿ ಮಿಕ್ಸಿಗೆ ಕವರ್ ಹೊಲಿದಿದ್ದಾನೆ."

"ಮನೆ ಮಾಲೀಕರಿಗೆ?"

"ಕಸಿನ್. ಇಂಗ್ಲಿಷಿನಲ್ಲಿ ನನಗೆ ಇಷ್ಟವಾದ ಒಂದೇ ಪದ. ಅದಕ್ಕೂ ಲಿಂಗ ಇಲ್ಲ, ಪುರಾವೆಯೂ ಕೇಳಲ್ಲ."

"ಸುಪ್ರೀಂ ಕೋರ್ಟ್ ಏನೋ ಮಾಡಿತಲ್ಲೋ," ಅಂದಳು ಶಾಲಿನಿ. "ನಿಮ್ಮಂಥವರ ಸಂಬಂಧ ಅಪರಾಧ ಅಂತಿದ್ದ 377ನೇ ಕಲಂ ಹೋಯ್ತು."

"2018ರಲ್ಲಿ ಹೋಯ್ತು, ನಾವು ಅಪರಾಧಿಗಳಲ್ಲ ಅಂತಾಯ್ತು. 2023ರಲ್ಲಿ ಅದೇ ಸುಪ್ರೀಂ ಕೋರ್ಟ್, ಮದುವೆ ವಿಷಯ ನಮ್ಮ ಕೈಲಿಲ್ಲ, ಸಂಸತ್ತಿಗೆ ಬಿಟ್ಟದ್ದು ಅಂತು. 2024ರಲ್ಲಿ ಕೇಂದ್ರದವರು ಜಂಟಿ ಖಾತೆ ತೆರೀಬಹುದು, ರೇಷನ್ ಕಾರ್ಡಿಗೆ ಒಂದೇ ಮನೆಯವರು ಅಂತ ನೋಡಬೇಕು ಅಂದ್ರು. ಅಲ್ಲಿಗೆ ಅಕ್ಕಿ ಗೋಧಿ ಲೆಕ್ಕದಲ್ಲಿ ನಾವು ಮನೆಯವರೇ."

"ಸಾಲದಾ?" ಅಂದ ಸೀನ.

ಗಿರಿ ಲೋಟ ಕೆಳಗಿಟ್ಟ. "ಹೋದ ಶ್ರಾವಣದಲ್ಲಿ ರಘುಗೆ ಅಪೆಂಡಿಕ್ಸ್ ಆಯ್ತಲ್ಲ. ರಾತ್ರಿ ಹನ್ನೊಂದು. ಕೌಂಟರಿನವಳು ಫಾರಂ ಕೊಟ್ಟು, 'ನೀವು ಪೇಷೆಂಟಿಗೆ ಏನಾಗಬೇಕು?' ಅಂದಳು. ಬಾಯಿಗೆ ಬಂದಿದ್ದು ನಮ್ಮನೆಯವರು. 'ಅಂದ್ರೆ? ಅಣ್ಣನಾ, ತಮ್ಮನಾ?' ಅಂದಳು. ಕಸಿನ್ ಅಂದೆ. 'ಕಸಿನ್ ಆದ್ರೆ ನಡೆಯಲ್ಲ ಸಾರ್, ಸ್ವಂತದವರ ಸಹಿ ಬೇಕು.' ನೋಡು, ಹನ್ನೊಂದು ವರ್ಷ ನನ್ನನ್ನ ಬಚ್ಚಿಟ್ಟ ಪದ, ಹೊರಗೆ ಬಾ ಅಂದ್ರೆ ಬರಲೇ ಇಲ್ಲ."

"ಆಮೇಲೆ?"

"ಹಾಸನದಲ್ಲಿ ಅವನ ಅಣ್ಣ ಇದ್ದಾರಲ್ಲ, ಅವರಿಗೆ ಫೋನ್ ಮಾಡಿದೆ. ಆರು ವರ್ಷದಿಂದ ಮಾತಿಲ್ಲ. ಮನೇಲಿ ನನ್ನ ಹೆಸರು ಎತ್ತಿದ್ರೆ 'ಆ ಪ್ರಾಣಿ' ಅಂತಿದ್ರಂತೆ. ಫೋನಿನಲ್ಲೇ ಒಪ್ಪಿಗೆ ಕೊಟ್ಟು, ಸಿಕ್ಕಿದ ಬಸ್ ಹತ್ತಿ ಬೆಳಗಿನ ಜಾವ ಬಂದ್ರು. ಸ್ವೆಟರ್ ಉಲ್ಟಾ ಹಾಕ್ಕೊಂಡಿದ್ರು ಪಾಪ. ಸಹಿ ಮಾಡಿದ್ರು. ನನ್ನ ಕಡೆ ನೋಡಲಿಲ್ಲ. ಕಿಟಕಿ ಹತ್ತಿರ ನಿಂತು ಹೆಂಡತಿಗೆ ಫೋನ್ ಮಾಡಿದ್ರು. ಆಪರೇಷನ್ ಆಯ್ತಂತೆ, ಹುಷಾರಾಗಿದ್ದಾನೆ ಅಂದ್ರು. ಆ ಕಡೆಯಿಂದ ಏನೋ ಕೇಳಿದ್ರು ಅನ್ಸುತ್ತೆ. ಇವರು ದನಿ ಇಳಿಸಿ, 'ಹ್ಞೂ, ಅವರೂ ಇಲ್ಲೇ ಇದ್ದಾರೆ. ರಾತ್ರಿಯೆಲ್ಲ ಅವರೇ ಇದ್ರಂತೆ' ಅಂದ್ರು."

ನಾಣಿ ಕೊರಳಿನ ಪಟ್ಟಿ ತೆಗೆದು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ, ಮತ್ತೆ ಸುತ್ತಿಕೊಂಡ. ಮೇಷ್ಟ್ರು ಕೂಡ ಯಾವ ವಚನವನ್ನೂ ಹೇಳಲಿಲ್ಲ.

ಗಿರಿಯ ಫೋನು ರಿಂಗಾಯಿತು.

"ಯಾರೋ?" ಅಂದ ಸೀನ.

"ನಮ್ಮನೆಯವರು. ಬೆಂಡೆಕಾಯಿ ತರಬೇಕಂತೆ. ಹೋದ ಸಲ ಬಲಿತದ್ದು ತಂದಿದ್ದೆ. ಈ ಸಲ ಒಂದೊಂದೂ ತುದಿ ಮುರಿದು ನೋಡಿ ತಗೋಬೇಕಂತೆ."

"ತುದಿ ಮುರಿದ್ರೆ ಅಂಗಡಿಯವಳು ಬೈತಾಳೆ ಕಣೋ," ಅಂದಳು ಶಾಲಿನಿ.

"ಬೈಸ್ಕೊಂಡು ಬಾ ಅಂದಿದ್ದಾನೆ," ಅಂತ ಗಿರಿ ಚೀಲ ಕೊಡವಿಕೊಂಡು ಎದ್ದ.