ಗೆಳೆಯನ ಜೊತೆ ಬೆಂಗಳೂರಿನಿಂದ ಕನ್ಯಾಕುಮಾರಿಗೆ ಸೈಕಲ್: ಹೋಗಿಬಂದವರು ದಯವಿಟ್ಟು ಹೇಳಿ

ರಾಜಾಜಿನಗರ ಹುಡುಗ: ನಾನು ಮತ್ತು ನನ್ನ ಕಾಲೇಜು ಗೆಳೆಯ ಡಿಸೆಂಬರ್‌ನಲ್ಲಿ ಹೊರಡಬೇಕು ಅಂತಿದ್ದೇವೆ. ಹೊಸೂರು, ಸೇಲಂ, ಮಧುರೈ ಮೇಲೆ ಹೋಗುವ ಹೆದ್ದಾರಿ 44. ನನ್ನದು ಹೈಬ್ರಿಡ್ ಸೈಕಲ್, ಅವನದು ಸಣ್ಣ ಟೈರಿನ, ವೇಗಕ್ಕೆ ಮಾಡಿದ ರೋಡ್ ಬೈಕ್ ಸೈಕಲ್. ಅವನು ನನಗಿಂತ ತುಂಬಾ ಜೋರು. ತಲಾ 15,000 ಸಾಕಾ? ಜೊತೆಯಲ್ಲಿ ಹೋದವರು ಒಳ್ಳೇದು ಕೆಟ್ಟದ್ದು ಎರಡೂ ಹೇಳಿ.

ಹಿಂದಿನ ಚಕ್ರ: ಇದೇ ರಸ್ತೆ, ಇದೇ ಥರದ ಗೆಳೆಯ. ಕೇಳಿ. ಧರ್ಮಪುರಿ ದಾಟಿದ ಮೇಲೆ ನನ್ನ ಹಿಂದಿನ ಟೈರ್ ಪಂಚರ್ ಆಯಿತು. ಲಾರಿ ಟೈರ್ ಸಿಡಿದಾಗ ಅದರೊಳಗಿನ ಸಣ್ಣ ಉಕ್ಕಿನ ತಂತಿ ರಸ್ತೆ ಅಂಚಿನಲ್ಲೇ ಬಿದ್ದಿರುತ್ತದೆ. ನಾವು ಸೈಕಲ್ ಓಡಿಸುವುದೂ ಆ ಅಂಚಿನಲ್ಲೇ ಅಲ್ವಾ. ಕೂದಲಿನಷ್ಟು ಸಣ್ಣ ತಂತಿ, ಕಣ್ಣಿಗೆ ಕಾಣಲ್ಲ. ಟ್ಯೂಬ್ ಬದಲಾಯಿಸಿದೆ. ಆದರೆ ಪಂಪ್ ಗೆಳೆಯನ ಬ್ಯಾಗಿನಲ್ಲಿ. ತೂಕ ಹಂಚಿಕೊಳ್ಳೋಣ ಅಂತ ಬೆಂಗಳೂರಿನಲ್ಲೇ ಮಾತಾಗಿತ್ತು, ಪಂಪ್ ಅವನಿಗೆ, ಟೂಲ್ ನನಗೆ. ಅವನು ಮುಂದೆ ಹೋಗಿದ್ದಾನೆ. ಬ್ಯಾಟರಿ ಉಳಿಸಬೇಕು ಅಂತ ಫೋನ್ ಆಫ್. ಬಿಸಿಲಲ್ಲಿ ತಳ್ಳಿಕೊಂಡು ಪಂಚರ್ ಅಂಗಡಿಗೆ ಹೋದರೆ ಅಲ್ಲಿನ ಗಾಳಿ ಪೈಪ್ ನನ್ನ ಪ್ರೆಸ್ಟಾ ವಾಲ್ವ್‌ಗೆ (ಮಾಮೂಲಿಗಿಂತ ಸಣ್ಣ ಬಾಯಿಯ ವಾಲ್ವ್) ಕೂರಲ್ಲ. ಅದನ್ನು ಕೂರಿಸಲು ಬೇಕಾದ 50 ರೂಪಾಯಿಯ ಹಿತ್ತಾಳೆ ಅಡಾಪ್ಟರ್, ಅದೂ ಪಂಪ್ ಜೊತೆ ಅವನ ಬ್ಯಾಗಲ್ಲೇ. ಕೊನೆಗೆ ಲಗೇಜ್ ಆಟೋ, 600 ರೂಪಾಯಿ. ಅವನು ತೋಪ್ಪೂರು ಘಾಟಿ ಇಳಿದು ಟೀ ಅಂಗಡಿಯಲ್ಲಿ ಕೂತಿದ್ದ. "ಯಾಕೋ ಇಷ್ಟು ಲೇಟು" ಅಂದ. ಅಷ್ಟೇ. ಆ 600 ಜಂಟಿ ಖರ್ಚಿಗೆ ಬರಲಿಲ್ಲ, ನನ್ನ ಜೇಬಿಂದಲೇ ಹೋಯಿತು.

ತುಮಕೂರು ಎಕ್ಸ್‌ಪ್ರೆಸ್: ಜೋರಾಗಿ ಹೋಗುವವರದ್ದೇ ತಪ್ಪು ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ. ನನ್ನ ಸಹಜ ವೇಗಕ್ಕಿಂತ ನಿಧಾನ ಹೋದರೆ ಸೀಟಿನ ಮೇಲೆ ಕೂರುವ ಹೊತ್ತು ಜಾಸ್ತಿ, ತೊಡೆಸಂದಿ ಸುಲಿಯುತ್ತದೆ. ಪ್ರತಿ ಸೇತುವೆ ಮೇಲೂ ನಿಂತು ಫೋಟೋ ತೆಗೆಯುವ ಗೆಳೆಯನಿಗೆ ಕಾದು ಕಾದು ಮಂಡಿ ಹಿಡಿದುಕೊಂಡಿದ್ದು ನನಗೆ. ನಾವು ಹೋಗಿದ್ದು ಜುಲೈನಲ್ಲಿ. ತಿರುನೆಲ್ವೇಲಿ ದಾಟಿ ವಳ್ಳಿಯೂರು, ಪಣಗುಡಿ ಕಡೆ ಗಾಳಿ ಹೇಗಿರುತ್ತೆ ಗೊತ್ತಾ? ಪಶ್ಚಿಮ ಘಟ್ಟದ ಸಂದಿಯಿಂದ ಮುಂಗಾರು ಗಾಳಿ ನುಗ್ಗುತ್ತದೆ. ಮುಪ್ಪಂದಲ್‌ನಲ್ಲಿ ಅಷ್ಟೊಂದು ಗಾಳಿಯಂತ್ರ ನೆಟ್ಟಿರುವುದು ಅದಕ್ಕೇ. ಎದುರಿಂದಲೂ ಪಕ್ಕದಿಂದಲೂ ಬಡಿದು ಸೈಕಲ್ಲನ್ನು ರಸ್ತೆಯಿಂದ ಆಚೆಗೆ ತಳ್ಳುತ್ತದೆ. ಸಮತಟ್ಟು ರಸ್ತೆಯಲ್ಲಿ ಚಿಕ್ಕ ಗೇರ್. ಅಷ್ಟು ದೂರವೂ ಮುಂದೆ ನಿಂತು ಗಾಳಿ ಸೀಳಿದ್ದು ನಾನು, ನನ್ನ ಚಕ್ರದ ಹಿಂದೆ ಆರಾಮಾಗಿ ಬಂದಿದ್ದು ಅವನು. ಒಂದು ಥ್ಯಾಂಕ್ಸ್ ಇಲ್ಲ. ಪಂಪ್ ವಿಷಯ ಹೇಳಿದವರೇ, ಪಂಪ್ ಪ್ರತಿಯೊಬ್ಬರ ಹತ್ತಿರವೂ ಇರಬೇಕು. ಅದನ್ನು ಗೆಳೆಯನ ತಲೆಗೆ ಕಟ್ಟಬೇಡಿ.

ಹಿಂದಿನ ಚಕ್ರ: ತಲೆಗೆ ಕಟ್ಟಿಲ್ಲ ಸರ್. ಮಾತಾಗಿದ್ದು ಮಾತಿನಂತೆ ನಡೆಯಬೇಕಿತ್ತು. ಪಂಪ್ ಇಟ್ಟುಕೊಂಡವನು ಕಣ್ಣಿಗೆ ಕಾಣುವಷ್ಟು ದೂರದಲ್ಲಿರಬೇಕು.

ಕಡಲ ದಾರಿ: ನಾವು ಇಬ್ಬರು ಹೆಂಗಸರು, ಮಂಗಳೂರಿನಿಂದ ಗೋವಾಕ್ಕೆ ಹೆದ್ದಾರಿ 66ರಲ್ಲಿ. 2024ರ ಡಿಸೆಂಬರ್. ಜಗಳ ವೇಗಕ್ಕಲ್ಲ, ರೂಮಿಗೆ. ನಾನು 900ರ ಫ್ಯಾನ್ ರೂಮ್ ಸಾಕು ಅಂದೆ, ಅವಳಿಗೆ ಎಸಿ ಬೇಕು, 2,200. ಉಡುಪಿಯಲ್ಲಿ ಅವಳ ಮಾತು ನಡೆಯಿತು. ಮುರುಡೇಶ್ವರದಲ್ಲಿ ರಜೆಯ ಜನ, 2,800 ಕೇಳಿದರು, ಕೊಟ್ಟೆವು. ಕುಮಟಾ ಹತ್ತಿರ ನನ್ನ ಹಿಂದಿನ ಚಕ್ರದ ಸ್ಪೋಕ್ ಮುರಿಯಿತು, ಅದೂ ಚೈನ್ ಕಡೆಯದು. ಆ ಕಡೆ ಮುರಿದರೆ ಕ್ಯಾಸೆಟ್, ಅಂದರೆ ಹಿಂದಿನ ಗೇರಿನ ಹಲ್ಲುಚಕ್ರಗಳ ಗುಂಪು, ಬಿಚ್ಚಬೇಕು. ಅದರ ಟೂಲ್ ಊರಿನ ಸೈಕಲ್ ಅಂಗಡಿಯಲ್ಲಿ ಇರಲ್ಲ. ಪಕ್ಕದ ಸ್ಪೋಕ್‌ಗಳನ್ನು ಅರ್ಧರ್ಧ ತಿರುವು ಸಡಿಲ, ಬಿಗಿ ಮಾಡಿ ರಿಮ್ ನೆಟ್ಟಗೆ ಮಾಡಿಕೊಂಡೆ, ಹಿಂದಿನ ಬ್ರೇಕ್ ಬಿಚ್ಚಿಟ್ಟೆ. ಅವಳು "ಸಾಕು, ಬಸ್ಸಿಗೆ ಹಾಕಿ ವಾಪಸ್ ಹೋಗೋಣ" ಅಂದಳು. ನಾನು ಹೋಗಲಿಲ್ಲ. ಅವಳು ಹೋದಳು. ನಾನು ಒಬ್ಬಳೇ ಶಿರೂರಿನಲ್ಲಿ ಆ ವರ್ಷ ಜುಲೈನಲ್ಲಿ ಗುಡ್ಡ ಕುಸಿದ ಜಾಗ ದಾಟಿ, ಅಂಕೋಲಾ ದಾಟಿ ಕಾರವಾರ ಸೇರಿದೆ. ಹಳೇ ಕಾಳಿ ಸೇತುವೆ ಆಗಸ್ಟ್‌ನಲ್ಲೇ ಬಿದ್ದಿತ್ತು. ಉಳಿದ ಒಂದೇ ಸೇತುವೆ ಮೇಲೆ ಎರಡೂ ಕಡೆಯ ಲಾರಿ, ಪಕ್ಕದಲ್ಲಿ ನಾನು. ಇವತ್ತೂ ಹೇಳುತ್ತೇನೆ, ಮುಂದೆ ಹೋಗಿದ್ದೇ ಸರಿ.

ಮಲೆನಾಡಿಗ: ಮೇಡಂ, ತಪ್ಪು ತಿಳಿಯಬೇಡಿ. ಜೊತೆಯಲ್ಲಿ ಹೊರಟವಳನ್ನು ಒಂಟಿಯಾಗಿ ಬಸ್ ಹತ್ತಿಸಿ ಹೋಗಿದ್ದನ್ನು ಹೆಮ್ಮೆಯಿಂದ ಹೇಳುತ್ತಿದ್ದೀರಲ್ಲ. ಹಿಂದಿನ ಬ್ರೇಕ್ ಇಲ್ಲದೆ ಹೆದ್ದಾರಿಗೆ ಹೋಗುವುದು ಧೈರ್ಯ ಅಲ್ಲ.

ಕಡಲ ದಾರಿ: ಅವಳು ಮಗುವಲ್ಲ. ಮಧ್ಯಾಹ್ನದ ಬಸ್ಸಿಗೆ ನಾನೇ ಸೈಕಲ್ ಎತ್ತಿ ಇಟ್ಟು, ಲಗೇಜಿಗೆ 250 ಕೊಟ್ಟು, ಮಂಗಳೂರು ಮುಟ್ಟಿದಳು ಅಂತ ಫೋನ್ ಬಂದ ಮೇಲೆ ಹೊರಟೆ. ಗಂಡಸರು ಒಬ್ಬೊಬ್ಬರೇ ಮುಂದೆ ಹೋದರೆ ಸಾಹಸ, ನಾನು ಹೋದರೆ ಬಿಟ್ಟುಹೋಗಿದ್ದು. ಮೇಲೆ ಪಂಪ್ ಇಟ್ಟುಕೊಂಡವನು ಗೆಳೆಯನನ್ನು ಹಿಂದೆ ಬಿಟ್ಟು ಹೋಗಿದ್ದಕ್ಕೆ ನೀವು ಏನೂ ಕೇಳಲಿಲ್ಲ.

ಹಾಸನದ ಹಳಬ: ನಾವು 1989ರಲ್ಲಿ ಲಕ್ಷದೀಪಕ್ಕೆ ಹಾಸನದಿಂದ ಧರ್ಮಸ್ಥಳಕ್ಕೆ ಹೋಗಿದ್ದು ರಾಡ್ ಬ್ರೇಕಿನ ಸೈಕಲ್ಲಿನಲ್ಲಿ. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಆಮೇಲೆ ಚಾರ್ಮಾಡಿ. ಮಂಜಿಗೆ ಉಕ್ಕಿನ ರಿಮ್ ಒದ್ದೆಯಾದರೆ ಬ್ರೇಕ್ ಹಿಡಿದರೂ ಚಕ್ರ ನಿಲ್ಲುವುದಿಲ್ಲ. ಅದಕ್ಕೇ ನಾನು ಮತ್ತು ನನ್ನ ಗೆಳೆಯ ಘಾಟಿ ಪೂರ್ತಿ ಸೈಕಲ್ ಹಿಡಿದುಕೊಂಡು ನಡೆದೇ ಇಳಿದೆವು. ಬರುವಾಗ ತಳ್ಳಿಕೊಂಡು ಹತ್ತಿದೆವು. ಯಾರು ಜೋರು, ಯಾರು ನಿಧಾನ ಅನ್ನುವ ಮಾತೇ ಬರಲಿಲ್ಲ. ಇಬ್ಬರದ್ದೂ ಒಂದೇ ಅಳತೆಯ ಟ್ಯೂಬ್, ಒಂದೇ ವಾಲ್ವ್. ಅವನದು ಹೋದರೆ ನನ್ನದು. ಈಗ ಲಕ್ಷದ ಸೈಕಲ್, ಆದರೆ ಊರಿನಲ್ಲಿ ಗಾಳಿ ಹೊಡೆಸಲು ಆಗುವುದಿಲ್ಲ.

ತುಮಕೂರು ಎಕ್ಸ್‌ಪ್ರೆಸ್: ಹಿರಿಯರೇ, ಗೌರವ ಇದೆ. ಆದರೆ ನಡೆದು ಇಳಿದಿದ್ದನ್ನು ಸೈಕಲ್ ಪ್ರವಾಸ ಅಂತ ಹೇಗೆ ಒಪ್ಪುವುದು? ಡಿಸ್ಕ್ ಬ್ರೇಕ್ ಇದ್ದರೆ ಚಾರ್ಮಾಡಿ ಮಳೆಯಲ್ಲೂ ಇಳಿಯಬಹುದು.

ಹಾಸನದ ಹಳಬ: ಆಗಿನ ಚಾರ್ಮಾಡಿ ರಸ್ತೆ ನೀವು ನೋಡಿಲ್ಲ. ಇಬ್ಬರೂ ಮನೆ ಸೇರಿದೆವು, ಅವನು ಈಗಲೂ ನನ್ನ ಪಕ್ಕದ ಬೀದಿಯಲ್ಲಿದ್ದಾನೆ. ನಿಮ್ಮ ಕನ್ಯಾಕುಮಾರಿ ಗೆಳೆಯ ಎಲ್ಲಿ?

ತುಮಕೂರು ಎಕ್ಸ್‌ಪ್ರೆಸ್: ಅದು ನನ್ನ ಸ್ವಂತ ವಿಷಯ. ಇಲ್ಲಿ ತರಬೇಡಿ.

ರಾಜಾಜಿನಗರ ಹುಡುಗ: ಸರ್, ಡಿಸೆಂಬರ್‌ನಲ್ಲೂ ಆ ಗಾಳಿ ಇರುತ್ತಾ? 15,000 ಬಗ್ಗೆ ಯಾರಾದರೂ ಹೇಳಿ.

ಮಲೆನಾಡಿಗ: ಡಿಸೆಂಬರ್‌ನಲ್ಲಿ ಗಾಳಿ ಈಶಾನ್ಯದ್ದು, ಹೆಚ್ಚಾಗಿ ಬೆನ್ನಿಗೆ. ಆದರೆ ಅದು ತಮಿಳುನಾಡಿಗೆ ಹಿಂಗಾರು ಮಳೆ ಕಾಲ, ತೂತ್ತುಕುಡಿ, ತಿರುನೆಲ್ವೇಲಿ ಕಡೆ 2023ರ ಡಿಸೆಂಬರ್‌ನಲ್ಲಿ ಪ್ರವಾಹವೇ ಬಂತು. ಮಡ್‌ಗಾರ್ಡ್ ಹಾಕಿಸಿ. ದುಡ್ಡಿನ ಮಾತಿಗೆ ಬಂದರೆ, ನನಗೆ ದಾರಿಗಿಂತ ವಾಪಸ್ ಬಂದಿದ್ದೇ ದುಬಾರಿಯಾಯಿತು. ಪಾರ್ಸೆಲ್‌ನಲ್ಲಿ ಕಳಿಸಿದ ಸೈಕಲ್ ಡಿರೇಲರ್ (ಗೇರ್ ಬದಲಿಸುವ ಭಾಗ) ಅನ್ನು ಫ್ರೇಮಿಗೆ ಹಿಡಿಸುವ ಹ್ಯಾಂಗರ್ ಬಗ್ಗಿಸಿಕೊಂಡು ಬಂತು. ಹ್ಯಾಂಗರ್ 650. ಅದು ಬಗ್ಗಿದ್ದು ನೋಡದೆ ಗೇರ್ ಹಾಕಿದ ಗೆಳೆಯ ಡಿರೇಲರ್ ಅನ್ನು ಸ್ಪೋಕ್‌ಗೆ ಸಿಕ್ಕಿಸಿದ. ಡಿರೇಲರ್ 2,900, ಚೈನ್ 1,400, ಸ್ಪೋಕ್ ಮತ್ತು ಕೂಲಿ 800. ಒಟ್ಟು 5,750. ನನ್ನ ಸೈಕಲ್ ಮುಟ್ಟಲು ಅವನಿಗೆ ಯಾರು ಹೇಳಿದ್ದರು?

ಹಿಂದಿನ ಚಕ್ರ: ಅರ್ಧ ಆದರೂ ಕೊಟ್ಟನಾ?

ಮಲೆನಾಡಿಗ: ಹ್ಯಾಂಗರ್ ದುಡ್ಡು ಕೊಟ್ಟ. ಉಳಿದಿದ್ದು ಪಾರ್ಸೆಲ್‌ನವರ ತಪ್ಪು ಅಂದ.

ಕಡಲ ದಾರಿ: ಹ್ಯಾಂಗರ್ ಬಗ್ಗಿದ್ದು ಪಾರ್ಸೆಲ್‌ನಲ್ಲಿ, ಡಿರೇಲರ್ ಮುರಿದಿದ್ದು ಅವನ ಕೈಯಲ್ಲಿ. 650 ಅವನು ಕೊಡಬೇಕಾಗಿರಲಿಲ್ಲ, 5,100 ಕೊಡಬೇಕಿತ್ತು.

ತುಮಕೂರು ಎಕ್ಸ್‌ಪ್ರೆಸ್: ಪಾರ್ಸೆಲ್‌ಗೆ ಹಾಕುವ ಮುಂಚೆ ಡಿರೇಲರ್ ಬಿಚ್ಚಿ ಫ್ರೇಮ್ ಒಳಗೆ ಕಟ್ಟಬೇಕು. ಎರಡು ನಿಮಿಷದ ಕೆಲಸ, 5 ಎಂಎಂ ಅಲೆನ್ ಕೀ ಸಾಕು. ಅದನ್ನು ಬಿಟ್ಟು ಗೆಳೆಯನ ಹತ್ತಿರ ದುಡ್ಡು ಕೇಳುವುದು ಯಾವ ನ್ಯಾಯ?

ಮಲೆನಾಡಿಗ: ಪ್ಯಾಕ್ ಮಾಡಿದ್ದೂ ಅವನೇ ಸ್ವಾಮಿ.