ಚೌಕಳಿ ಹಾಳೆಯಲ್ಲಿ ಕೆಲ್ಟಿಕ್ ಗಂಟು: ಎಳೆ ಎರಡಾಗುತ್ತಿದೆ, ಮೇಲೆ-ಕೆಳಗೆ ತಪ್ಪುತ್ತಿದೆ

ಗೆರೆಗಾರ:
ಕೆಲ್ಟಿಕ್ ಗಂಟು, ಅಂದರೆ ಎಳೆಗಳು ಸರದಿಯಂತೆ ಒಂದರ ಮೇಲೆ, ಇನ್ನೊಂದರ ಕೆಳಗೆ ಹಾಯುವ ಹೆಣಿಗೆ ಚಿತ್ರ, ಬಿಡಿಸುತ್ತಿದ್ದೇನೆ. 5 ಮಿ.ಮೀ. ಚೌಕಳಿ ಹಾಳೆ, ಅಗಲ 12 ಚೌಕ, ಎತ್ತರ 8 ಚೌಕ. ಎಲ್ಲೂ ಮುರಿಯದೆ ಬರೀ ಹೆಣಿಗೆ ಬಿಡಿಸಿದರೆ ಒಂದರೊಳಗೊಂದು ಸಿಕ್ಕಿಕೊಂಡ ಎರಡು ಬೇರೆ ಬೇರೆ ಎಳೆ ಬರುತ್ತಿವೆ. ನನಗೆ ಒಂದೇ ಎಳೆ ಬೇಕು. ಕೆಳಗಿನ ಎಡಮೂಲೆಯ ಹತ್ತಿರದ ದಾಟಿನಲ್ಲಿ, ಅಂದರೆ ಎಳೆಗಳು ಒಂದನ್ನೊಂದು ಹಾಯುವ ಜಾಗದಲ್ಲಿ (ಎಡ ಅಂಚಿನಿಂದ 2, ಕೆಳ ಅಂಚಿನಿಂದ 1), ಗೋಡೆ (ದಾಟನ್ನು ಮುರಿದು ಎಳೆಗಳನ್ನು ಮರಳಿಸುವ ಗೆರೆ) ಹಾಕಿದಾಗ ಒಂದಾಯಿತು. ಎರಡೂ ಕಡೆ ಸಮ ಕಾಣಲಿ ಎಂದು ಎದುರು ಮೂಲೆಯಲ್ಲೂ ಹಾಗೇ ಹಾಕಿದರೆ ಮತ್ತೆ ಎರಡು! ಇನ್ನು ಎಳೆಯ ಜಾಡು ಹಿಡಿದು ಮೇಲೆ, ಕೆಳಗೆ, ಮೇಲೆ ಎನ್ನುತ್ತಾ ಹೋದರೆ ಎಲ್ಲೋ ಒಂದು ಕಡೆ ಸತತ ಎರಡು ಸಲ ಮೇಲೆ ಬರುತ್ತದೆ. ಎಳೆಯ ಪಟ್ಟಿಯ ಅಗಲ 4 ಮಿ.ಮೀ. ಇಟ್ಟಿದ್ದೇನೆ, ಗೋಡೆ ಪಕ್ಕದಲ್ಲಿ ತೀರಾ ಇಕ್ಕಟ್ಟು. ಎಲ್ಲಿ ತಪ್ಪು?

ಚುಕ್ಕಿಲೆಕ್ಕ:
ಮೊದಲು ಚುಕ್ಕಿ ಸರಿ ಮಾಡಿಕೊಳ್ಳಿ, ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಕೆಳಗಿನ ಎಡಮೂಲೆ 0,0 ಅಂತಿಟ್ಟುಕೊಳ್ಳಿ. ಗೆರೆಗಳು ಸೇರುವ ಬಿಂದುಗಳಲ್ಲಿ ಎರಡೂ ಎಣಿಕೆ ಸಮವಾಗಿದ್ದರೆ ಕಪ್ಪು ಚುಕ್ಕಿ (ಅಂಚಿನ ಮೇಲೂ), ಎರಡೂ ಬೆಸವಾಗಿದ್ದರೆ ಕೆಂಪು ಚುಕ್ಕಿ. ಒಂದು ಸಮ, ಒಂದು ಬೆಸ ಇರುವ ಬಿಂದುಗಳು ಖಾಲಿ. ಒಳಗಿನ ಖಾಲಿ ಬಿಂದುಗಳಲ್ಲೆಲ್ಲ ಎಳೆಗಳು ದಾಟುತ್ತವೆ, ಅಂಚಿನ ಮೇಲಿನವುಗಳಲ್ಲಿ ಎಳೆ ಮರಳುತ್ತದೆ. 12×8ರಲ್ಲಿ ದಾಟುಗಳು 38 ಇರಬೇಕು. ಎಣಿಸಿ ನೋಡಿ, ಕಡಿಮೆಯಿದ್ದರೆ ಎಲ್ಲೋ ಬಿಟ್ಟಿದ್ದೀರಿ.

ಎಳೆ ಎಷ್ಟು ಎನ್ನುವುದು ಬಿಡಿಸುವ ಮೊದಲೇ ಗೊತ್ತಾಗುತ್ತದೆ. ಅಗಲ, ಎತ್ತರ ಎರಡೂ ಸಮಸಂಖ್ಯೆಯ ಚೌಕಗಳಿರಬೇಕು. ಎರಡನ್ನೂ ಅರ್ಧ ಮಾಡಿ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ತೆಗೆಯಿರಿ. ನಿಮ್ಮದು 6 ಮತ್ತು 4, ಮ.ಸಾ.ಅ. 2, ಹಾಗಾಗಿ ಎರಡು ಎಳೆ. 12×12 ಮಾಡಿದರೆ ಆರು ಎಳೆ ಬರುತ್ತವೆ. 12×10 (6, 5) ಅಥವಾ 14×8 (7, 4) ಆದರೆ ಒಂದೇ.

ಇನ್ನು ಗೋಡೆ. ಎರಡು ಬೇರೆ ಎಳೆಗಳು ದಾಟುವಲ್ಲಿ ಮುರಿದರೆ ಅವು ಸೇರಿ ಒಂದಾಗುತ್ತವೆ, ಗೋಡೆ ನಿಂತಿದ್ದರೂ ಸರಿ, ಮಲಗಿದ್ದರೂ ಸರಿ. ಆದರೆ ಒಂದೇ ಎಳೆ ತನ್ನನ್ನೇ ದಾಟುವಲ್ಲಿ ಮುರಿದರೆ ಒಂದು ದಿಕ್ಕಿನ ಗೋಡೆ ಅದನ್ನು ಎರಡು ಮಾಡುತ್ತದೆ, ಇನ್ನೊಂದು ದಿಕ್ಕಿನದು ಮಾಡುವುದಿಲ್ಲ. ಮೊದಲ ಗೋಡೆ ಬಿದ್ದ ಮೇಲೆ ನಿಮ್ಮ ಹಾಳೆಯಲ್ಲಿ ಇರುವುದು ಒಂದೇ ಎಳೆ, ಎದುರು ಮೂಲೆಯ ದಾಟು ಈಗ ಅದೇ ಎಳೆಯದು. ಅಲ್ಲಿ ಅದೇ ದಿಕ್ಕಿನ ಗೋಡೆ ಹಾಕಿದ್ದಕ್ಕೆ ಒಡೆಯಿತು. ಒಂದು ಮೂಲೆಯಲ್ಲಿ ನಿಂತ ಗೋಡೆ, ಎದುರು ಮೂಲೆಯಲ್ಲಿ ಮಲಗಿದ ಗೋಡೆ ಇಟ್ಟರೆ ಎಳೆ ಒಂದೇ ಉಳಿಯುತ್ತದೆ, ಆದರೆ ಸಮತೆ ಹೋಗುತ್ತದೆ. ಸಮತೆ ಬೇಕೆಂದರೆ 12×10ಕ್ಕೆ ಹೋಗಿ. ಅದರ ನಟ್ಟನಡುವೆ (6,5) ಒಂದು ದಾಟು ಸಿಗುತ್ತದೆ. ಅಲ್ಲಿ ಮಲಗಿದ ಗೋಡೆ ಹಾಕಿದರೆ ಎಳೆ ಒಂದೇ, ನಿಂತ ಗೋಡೆ ಹಾಕಿದರೆ ಎರಡು.

ಅಂದಹಾಗೆ, ಕೆಂಪು ಚುಕ್ಕಿ ಮಾತ್ರ ನೋಡಿದರೆ 12×8ರಲ್ಲಿ ಸಾಲಿಗೆ 6ರಂತೆ 4 ಸಾಲು. ಚುಕ್ಕಿ ಸುತ್ತಿ ಎಳೆ ಎಳೆಯುವ ರಂಗೋಲಿ ಬರುವವರಿಗೆ ಈ ಲೆಕ್ಕ ಹೊಸದಲ್ಲ. ಅಲ್ಲಿ ಮೇಲೆ-ಕೆಳಗೆ ತೋರಿಸುವುದಿಲ್ಲ, ಅಷ್ಟೇ.

ಹೆಣಿಗೆ_ಮನೆ:
ಮೇಲೆ-ಕೆಳಗೆ ಗುರುತಿಸಲು ಎಳೆಯ ಜಾಡು ಹಿಡಿಯುವುದನ್ನೇ ಬಿಡಿ. ಎಡ ಅಂಚಿನಿಂದ ನಿಂತ ಗೆರೆಗಳನ್ನು ಎಣಿಸಿ. 1, 3, 5... ಬೆಸ ಗೆರೆಯ ಮೇಲಿರುವ ದಾಟುಗಳಲ್ಲೆಲ್ಲ / ಎಳೆ ಮೇಲೆ, 2, 4, 6... ಸಮ ಗೆರೆಯವುಗಳಲ್ಲೆಲ್ಲ \ ಎಳೆ ಮೇಲೆ. ಗೋಡೆ ಎಷ್ಟಿದ್ದರೂ ಈ ನಿಯಮ ಕೆಡುವುದಿಲ್ಲ, ಏಕೆಂದರೆ ಗೋಡೆಗೆ ತಾಗಿದ ಎಳೆ ಒಂದು ದಾಟನ್ನು ಕಳೆದುಕೊಳ್ಳುತ್ತದೆ, ಜೊತೆಗೆ ದಿಕ್ಕನ್ನೂ ಬದಲಿಸುತ್ತದೆ. ಎರಡೂ ಸೇರಿ ಸರದಿ ಸರಿಹೋಗುತ್ತದೆ.

ಸತತ ಎರಡು ಸಲ ಮೇಲೆ ಬಂದರೆ ಕಾರಣ ಬಹುಪಾಲು ಇವೆರಡರಲ್ಲಿ ಒಂದು: ಗೋಡೆಗೆ ತಾಗಿದ ಜಾಗವನ್ನೂ ದಾಟೆಂದು ಎಣಿಸಿರುತ್ತೀರಿ, ಇಲ್ಲವೇ ಗೋಡೆಯೇ ತಪ್ಪಾಗಿ ಕೂತಿರುತ್ತದೆ. ಗೋಡೆ ಯಾವಾಗಲೂ ಕಪ್ಪಿನಿಂದ ಪಕ್ಕದ ಕಪ್ಪಿಗೆ ಅಥವಾ ಕೆಂಪಿನಿಂದ ಪಕ್ಕದ ಕೆಂಪಿಗೆ, ನೇರವಾಗಿ, ಸರಿಯಾಗಿ ಎರಡು ಚೌಕದುದ್ದ. ಕಪ್ಪಿನಿಂದ ಕೆಂಪಿಗೆ ಓರೆಯಾಗಿ ಎಳೆದರೆ ಅದು ಎಳೆಯ ದಾರಿಯನ್ನೇ ಕತ್ತರಿಸುತ್ತದೆ. ಕಪ್ಪು ಗೋಡೆ, ಕೆಂಪು ಗೋಡೆ ಒಂದನ್ನೊಂದು ದಾಟಲೂಬಾರದು. ಗೋಡೆಗಳು ಸೇರಿ ಮುಚ್ಚಿದ ಪೆಟ್ಟಿಗೆಯಾದರೆ ಒಳಗಿನ ಎಳೆ ಹೊರಗಿನದಕ್ಕೆ ಸಿಗದೆ ಅನಾಥವಾಗುತ್ತದೆ.

ಗೆರೆಗಾರ:
ಗೆರೆ ಎಣಿಸುವ ನಿಯಮ ಕೆಲಸ ಮಾಡಿತು, ಧನ್ಯವಾದ. ಗೋಡೆಗೆ ತಾಗಿದ್ದನ್ನೂ ಎಣಿಸುತ್ತಿದ್ದೆ. ಪಟ್ಟಿಯ ಅಗಲಕ್ಕೆ ಏನು ಮಾಡಲಿ? ಹಳೆಯ ಹಸ್ತಪ್ರತಿಗಳಲ್ಲೂ ಎಲ್ಲ ಒಂದೇ ಎಳೆಯಾ?

ಮಸಿಗೆರೆ:
5 ಮಿ.ಮೀ. ಚೌಕದಲ್ಲಿ ಓರೆಯಾಗಿ ಹೋಗುವ ಎಳೆಗಳ ನಡುಗೆರೆಗಳಿಗೆ ಅಂತರ ಸುಮಾರು 7 ಮಿ.ಮೀ. ಆದರೆ ಪಕ್ಕಪಕ್ಕದ ಗೋಡೆಗಳ ನಡುವೆ ನೆಟ್ಟಗೆ ಓಡುವಾಗ ಸಿಗುವ ಓಣಿ 5 ಮಿ.ಮೀ. ಮಾತ್ರ. 4 ಮಿ.ಮೀ. ಪಟ್ಟಿ ಅಲ್ಲಿ ಪಕ್ಕದ ಪಟ್ಟಿಯಿಂದ 1 ಮಿ.ಮೀ. ದೂರವಷ್ಟೇ ಉಳಿಯುತ್ತದೆ, ಅದೇ ನಿಮ್ಮ ಇಕ್ಕಟ್ಟು. 3.5ಕ್ಕೆ ಇಳಿಸಿ. ನನ್ನ ಕೇಳಿದರೆ 1 ಸೆಂ.ಮೀ. ಚೌಕ, 7 ಮಿ.ಮೀ. ಪಟ್ಟಿ, ಕೈ ಕೂರುವವರೆಗೆ ಅದಕ್ಕಿಂತ ಚಿಕ್ಕದು ಬೇಡ. ಎರಡು ಪೆನ್ಸಿಲ್ ರಬ್ಬರ್ ಬ್ಯಾಂಡ್‌ನಲ್ಲಿ ಕಟ್ಟಿ ಎಳೆಯುವ ಉಪಾಯ ನೇರ ಗೆರೆಗೆ ಸರಿ. ತಿರುವಿನಲ್ಲಿ ಕೈ ತಿರುಗಿಸದಿದ್ದರೆ ಪಟ್ಟಿ ಸಣ್ಣಗಾಗುತ್ತದೆ.

ಕ್ರಮ: ತೆಳುವಾಗಿ ಪೆನ್ಸಿಲ್‌ನಲ್ಲಿ ನಡುಗೆರೆ. ಆಮೇಲೆ ಪ್ರತಿ ದಾಟಿನಲ್ಲೂ ಮೇಲಿರುವ ಎಳೆಗೆ ಮಾತ್ರ ಎರಡು ಪುಟ್ಟ ಸಮಾನಾಂತರ ಗೆರೆ, ಸೇತುವೆಯ ಹಾಗೆ. ಎಲ್ಲ ದಾಟುಗಳಲ್ಲೂ ಇದು ಮುಗಿದ ಮೇಲೆಯೇ ತುದಿಗಳನ್ನು ಜೋಡಿಸಿ. ಕೆಳಗಿನ ಎಳೆಯ ಗೆರೆ ಸೇತುವೆಗೆ ಮುಟ್ಟಿ ನಿಲ್ಲುತ್ತದೆ, ಒಳಗೆ ಹೋಗುವುದಿಲ್ಲ. ಉದ್ದದ ಅಂಚುಗೆರೆ ಮೊದಲು ಎಳೆದು ಆಮೇಲೆ ಅಳಿಸಲು ಹೋದರೆ ಹಾಳೆ ಎದ್ದುಬರುತ್ತದೆ. ಮೂಲೆಯಲ್ಲಿ ಎಳೆಯನ್ನು ದುಂಡಗೆ ತಿರುಗಿಸದೆ ಚೂಪು ಮಾಡಿ, ಚೌಕಟ್ಟು ತುಂಬಿದಂತೆ ಕಾಣುತ್ತದೆ. ಮಸಿಯನ್ನು ಚೌಕಳಿಯ ಮೇಲೆ ಹಾಕಬೇಡಿ, ಬಟರ್ ಪೇಪರ್‌ಗೆ ಇಳಿಸಿಕೊಳ್ಳಿ. 0.3 ಪೆನ್ ಸಾಕು.

ಹಳೆಯವುಗಳ ವಿಷಯ: ಒಂದೇ ಎಳೆ ಇರಲೇಬೇಕು ಎನ್ನುವುದು ಈಗಿನವರ ಹಠ. ಸುಮಾರು 800ರ ಕೆಲ್ಸ್ ಹೊತ್ತಗೆ (ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿದೆ) ಮತ್ತು 8ನೇ ಶತಮಾನದ ಆರಂಭದ ಲಿಂಡಿಸ್‌ಫಾರ್ನ್ ಸುವಾರ್ತೆಗಳು, ಇಂಥವುಗಳಲ್ಲಿ ಎರಡು ಮೂರು ಎಳೆಗಳ ಫಲಕಗಳೂ ಇವೆ. ಆ ಕಾಲದವರು ಜೋಪಾನ ಮಾಡುತ್ತಿದ್ದದ್ದು ಮೇಲೆ-ಕೆಳಗಿನ ಸರದಿಯನ್ನು. ಲಿಂಡಿಸ್‌ಫಾರ್ನ್‌ನ ಅಲಂಕಾರದ ಹಾಳೆಗಳ ಹಿಂಬದಿಯಲ್ಲಿ ಚೌಕಳಿ ಗೆರೆಗಳೂ ಕೈವಾರ ಚುಚ್ಚಿದ ಗುರುತುಗಳೂ ಇಂದಿಗೂ ಕಾಣುತ್ತವೆ. ಅವರೂ ಲೆಕ್ಕ ಹಾಕಿಯೇ ಬಿಡಿಸಿದ್ದು. ಹಾಗಾಗಿ ನಿಮ್ಮ 12×8 ಕೆಡಿಸಬೇಡಿ, ಎರಡು ಎಳೆಗೆ ಎರಡು ಬಣ್ಣ ಕೊಡಿ. ಬಣ್ಣವನ್ನು ಮಸಿ ಪೂರ್ತಿ ಒಣಗಿದ ಮೇಲೆ ಹಾಕಿ, ತಿಳಿ ಬಣ್ಣ ಮೊದಲು.