50 ಕಿ.ಮೀ. ಟ್ರೇಲ್ ಓಟಕ್ಕ ಕಾಲಿನ ಜೋಡಿ ಹೊಟ್ಟಿನೂ ತಯಾರ್ ಮಾಡ್ರಿ

ಕಲಬುರಗಿಯಾಗೇ ಇರ್ತೀನಿ, ಎರಡು ಹಾಫ್ ಮ್ಯಾರಥಾನ್ ಆಗ್ಯಾವ, ಐದು ತಿಂಗಳು ಬಿಟ್ಟು ಮಲೆನಾಡಿನಾಗ 50 ಕಿ.ಮೀ. ಟ್ರೇಲ್ ಓಟ (ಕಾಡು-ಗುಡ್ಡದ ಕಾಲುದಾರಿ ಓಟ) ಅದ, ಇಲ್ಲಿ ಗುಡ್ಡ ಇಲ್ಲ, ಹೆಂಗ ತಯಾರಾಗ್ಬೇಕು, ಏನ್ ತಿನ್ಬೇಕು ಅಂತ ಕೇಳೀರಿ. ನಂದೂ ಇದೇ ಊರ್ರಿ. ಎರಡು ಸಲ 50 ಓಡೀನಿ, ಮೊದಲನೇ ಸಲ ಭಾಳ ಒದ್ದಾಡೀನಿ, ಅದನ್ನೇ ಮೊದಲು ಹೇಳ್ತೀನಿ.

ಅವತ್ತು ಕಾಲು ಗಟ್ಟಿ ಇದ್ವು, ಹೊಟ್ಟಿ ಕೈ ಕೊಡ್ತು. ಹಿಂದಿನ ರಾತ್ರಿ ಮನಿಯಿಂದ ಒಯ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕಾಳಿನ ಪಲ್ಯ ಹೊಟ್ಟಿತುಂಬ ತಿಂದಿದ್ದೆ, ಮುಂಜಾನಿ ಓಡುವಾಗ ಬರೇ ಓಆರ್‌ಎಸ್ ಕುಡ್ಕೋತ ಹೋದೆ. 32 ಕಿ.ಮೀ. ದಾಟಿದ ಮ್ಯಾಲ ಹೊಟ್ಟಿ ಉಬ್ಬಿ, ಕೈಕಾಲು ಥಂಡಾಗಿ ಒಂದು ಕಲ್ಲಿನ ಮ್ಯಾಲ ಕುಂತೆ, ಬಾಳೆಹಣ್ಣು ಬಾಯಾಗಿಟ್ರ ನುಂಗ್ಲಿಕ್ಕ ಆಗವಲ್ದು. ಆಮ್ಯಾಲ ಲೆಕ್ಕ ಹಾಕಿದಾಗ ಗೊತ್ತಾಯ್ತು, ಒಂದು ಲೀಟರ್ ಓಆರ್‌ಎಸ್‌ನಾಗ ಗ್ಲೂಕೋಸ್ ಇರೋದು 13.5 ಗ್ರಾಂ ಅಷ್ಟ, ಇಂಥ ಓಟಕ್ಕ ತಾಸಿಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಅದು ನೀರು-ಉಪ್ಪಿಗೆ ಚೊಲೋ, ಆದ್ರ ಊಟದ ಕೆಲಸ ಮಾಡಂಗಿಲ್ಲ. ಜೋಳ, ಕಾಳು ತರಬೇತಿ ದಿನಗಳಾಗ ದಿನಾ ತಿನ್ರಿ, ನಾನೂ ತಿಂತೀನಿ, ಆದ್ರ ನಾರಿನಂಶ ಜಾಸ್ತಿ, ಓಟಕ್ಕ ಎರಡು ದಿನ ಇದ್ದಾಗ ನಿಲ್ಸಿ ಅನ್ನ, ತಿಳಿ ಬ್ಯಾಳಿ ಸಾರು, ಮೊಸರಿಗೆ ಬರ್ರಿ.

ಕಿಸೆದಾಗ ಬೆಲ್ಲ, ಖರ್ಜೂರ, ಬೇಯಿಸಿ ಉಪ್ಪು ಹಚ್ಚಿದ ಆಲೂಗಡ್ಡಿ ಇಟ್ಕೋತೀನಿ. ಬೆಲ್ಲ ಹಂಗೇ ಪ್ಲಾಸ್ಟಿಕ್‌ನಾಗ ಕಟ್ಟಿದ್ರ ಮೈಯ ಬಿಸಿಗೆ ಕರಗಿ ಅಂಟಾಗಿ ಬಿಚ್ಲಿಕ್ಕೇ ಬರಂಗಿಲ್ಲ, ಅದಕ್ಕ ನಮ್ಮವ್ವ ಸಣ್ಣ ಉಂಡಿ ಮಾಡಿ ಪುಠಾಣಿ ಹಿಟ್ಟಿನಾಗ ಹೊರಳಿಸಿ ಕೊಡ್ತಾಳ, ಒಂದೊಂದೇ ಬಿಡಿ ಬಿಡಿ ಕೈಗೆ ಬರ್ತದ. ವಾಚಿನಾಗ ಅರ್ಧ ತಾಸಿಗೊಮ್ಮಿ ಅಲಾರಂ, ಹಸಿವಿ ಇರ್ಲಿ ಬಿಡ್ಲಿ ಮೊದಲ ಅರ್ಧ ತಾಸಿನಿಂದ್ಲೇ ತಿನ್ನೋದು. ಇದನ್ನ ಪ್ರತಿ ಐತವಾರದ ಉದ್ದ ಓಟದಾಗ ರೂಢಿ ಮಾಡ್ರಿ, ತಾಸಿಗೆ 30 ಗ್ರಾಂನಿಂದ ಶುರು ಮಾಡಿ ವಾರ ವಾರ ಜರಾ ಜರಾ ಏರಿಸ್ರಿ. ಓಟದ ದಿನ ಹೊಸಾದೇನೂ ಬಾಯಿಗೆ ಹಾಕಬ್ಯಾಡ್ರಿ.

ನೀರಿನ ಲೆಕ್ಕ ಹಿಂಗ: ಒಂದು ತಾಸು ಏನೂ ಕುಡೀದೆ ಓಡಿ, ಮೊದಲು-ಆಮ್ಯಾಲ ತೂಕ ನೋಡ್ರಿ, ಒಂದು ಕಿಲೋ ಇಳಿದ್ರ ಹೆಚ್ಚು ಕಡಿಮಿ ಒಂದು ಲೀಟರ್ ಬೆವರು ಹೋಗ್ಯಾದ ಅಂತ. ಹಂಗಂತ ಅಷ್ಟೂ ತುಂಬ್ಲಿಕ್ಕ ಹೋಗಬ್ಯಾಡ್ರಿ. ಬರೇ ನೀರು ಕುಡ್ದು ಕುಡ್ದು ಓಟದ ಕೊನಿಗೆ ತೂಕ ಏರಿದ್ರ ರಕ್ತದಾಗ ಸೋಡಿಯಂ ಇಳೀತದ, ಅದು ಜೀವಕ್ಕೇ ಅಪಾಯ. ನಮ್ಮ ಬಿಸಿಲು ಒಣಾ, ಬೆವರು ಆರಿ ಹೋಗ್ತದ, ಮಲೆನಾಡಿನ ತೇವದಾಗ ಆರಂಗಿಲ್ಲ, ಮೈ ಬೇಗ ಥಂಡಾಗಂಗಿಲ್ಲ, ಅದಕ್ಕ ಅಲ್ಲಿ ಮೊದಲ ತಾಸು ಬೇಕಂತ್ಲೇ ನಿಧಾನ ಹೋಗ್ರಿ.

ಓಡೋದು ವಾರಕ್ಕ ನಾಕು ದಿನ ಸಾಕು. ಮಾತಾಡ್ಕೋತ ಓಡೋ ವೇಗ, ಮೂರು ವಾರ ದೂರ ಏರಿಸಿ ನಾಕನೇ ವಾರ ಇಳಿಸೋದು, ಕೊನಿ ಎರಡು ತಿಂಗಳು ಶನಿವಾರ 15, ಐತವಾರ 25 ಕಿ.ಮೀ. ಹಿಂಗ ಜೋಡಿ ಓಟ, ದಣಿದ ಕಾಲಿನ ಮ್ಯಾಲ ಓಡೋದು ಅಲ್ಲೇ ಬರೋದು. ಓಟಕ್ಕ ಮೂರು ವಾರ ಮುಂಚೆ 32-35ರದೊಂದು, ಅಲ್ಲಿಂದ ಕಡಿಮಿ ಮಾಡ್ಕೋತ ಬರೋದು.

(ಇನ್ನೊಬ್ಬ ಓಟಗಾರನ ಮಾತು) ನಾನು ಯಾದಗಿರಿಯವ, ಮ್ಯಾಲ ಹೇಳಿದ ಕಲಬುರಗಿ ಅಣ್ಣಾರ ಮಾತಿಗೆ ಗುಡ್ಡದ್ದಿಷ್ಟು ಸೇರಿಸ್ತೀನ್ರಿ. ತಿಂಗಳಿಗೆ ಎರಡು ಸಲ ಇಲ್ಲಿಗೆ ಬರ್ರಿ, ಕಿಲ್ಲಾದ ಗುಡ್ಡ ಮುಂಜಾನಿ ಆರಕ್ಕ ಹತ್ತಿ ಇಳೀರಿ, ಹತ್ತೂದು ನಡ್ಕೋತ, ಇಳಿಯೂದು ಸಣ್ಣ ಸಣ್ಣ ಹೆಜ್ಜಿ ಹಾಕಿ ಓಡ್ಕೋತ. ತೊಡಿ ಹರಿದಂಗ ನೋಯೋದು ಇಳಿಯುವಾಗ್ಲೇ, ನಾನು ಮೊದಲನೇ ಸಲ ಇಳಿದ ಮರುದಿನ ಮನಿ ಮೆಟ್ಟಿಲು ಹಿಂದ್ಮುಂದಾಗಿ ಇಳ್ದೀನಿ, ಮೂರನೇ ವಾರಕ್ಕ ಆ ನೋವು ಅರ್ಧ ಆಗಿತ್ತು. ಚಿಂಚೋಳಿ ಕಾಡಿನಾಗ ಓಡಬೇಕಂದ್ರ ಅದು ವನ್ಯಜೀವಿ ಧಾಮ, ಅರಣ್ಯ ಇಲಾಖೆಯವ್ರನ್ನ ಕೇಳಿ ಹೋಗ್ರಿ. ಮಳಿಗಾಲದಾಗ ಎರಿ ಹೊಲದ ದಾರಿ ಹಿಡೀಬ್ಯಾಡ್ರಿ, ಒಂದೊಂದು ಶೂಕ್ಕ ಕಿಲೋ ಮಣ್ಣು ಅಂಟಿ ಮೊಣಕಾಲು ಎಳೀತದ, ಆ ದಿನಗಳಾಗ ಬೀದರ ಕಡೀ ಕೆಂಪು ಜಂಬಿಟ್ಟಿಗೆ ನೆಲಾನೇ ಚೊಲೋ, ನೀರು ಬೇಗ ಬಸೀತದ.